ನಡುಗಡ್ಡೆಯ ಹಿಂದಿನ ದಂಡೆ

ಆ ದಿನಗಳಲ್ಲಿ ಹೊಲ ಇಲ್ಲದವರಿಗೂ ಎಳ್ಳಮಾವಾಸ್ಯೆಗೆ ಒಂದು ಹೊಲ ಬೇಕಾಗುತ್ತಿತ್ತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವತ್ತು ಹುಮನಾಬಾದಿನ ಬಜಾರು ಬಾಗಿಲು ಹಾಕಿಕೊಂಡು, ಬುಟ್ಟಿಗಳನ್ನು ತಲೆಯ ಮೇಲಿಟ್ಟುಕೊಂಡು, ಟ್ರ್ಯಾಕ್ಟರ್ ಹತ್ತಿ ಹೊಲಗಳಿಗೆ ಹೋಗಿಬಿಡುತ್ತಿತ್ತು. ಊರಲ್ಲಿ ಉಳಿಯುವವರು ಅಂದರೆ ನಾಯಿಗಳು, ಬಸ್ ಸ್ಟ್ಯಾಂಡಿನ ಕಂಟ್ರೋಲರು, ಮತ್ತು ಯಾರೂ ಕರೆಯದ ಮಂದಿ. ನಮ್ಮನ್ನು ಕರೆಯುತ್ತಿದ್ದರು. ತೊಂದರೆ ಇದ್ದದ್ದೇ ಅಲ್ಲಿ.

ನಮ್ಮಪ್ಪ ದರ್ಜಿ. ಬಜಾರಿನ ಒಂದು ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಅವನ ಹೊಲಿಗೆ ಮಷೀನು. ಅಂಗಡಿಯ ಸಾವಕಾರರ ಹೊಲ ರಾಜೇಶ್ವರದ ಹತ್ತಿರ, ಡಾಂಬರು ರಸ್ತೆಗೆ ಹತ್ತಿಕೊಂಡೇ ಇತ್ತು. ಪ್ರತಿ ವರ್ಷ ನಾವು ಅಲ್ಲಿಗೆ ಹೋಗಿ ಕಾಳು-ಸೊಪ್ಪು ಕೂಡಿಸಿ ಕುದಿಸಿದ ಬಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಂಡು ಬರುತ್ತಿದ್ದೆವು. ಉಣ್ಣುವ ಮೊದಲು ಚರಗ ಚೆಲ್ಲಬೇಕು. ಅದಕ್ಕೆ ಇಬ್ಬರು ಬೇಕು. ಮುಂದೆ ಹೊಲದ ಒಡೆಯ, ಹಬ್ಬದ ಅಡಿಗೆಯೆಲ್ಲ ಕಲಸಿದ ಬುಟ್ಟಿ ಹಿಡಿದು, ಕೂಗು ಹಾಕುತ್ತ, ಭೂಮಿಗೆ ಉಣಿಸುತ್ತ ಹೊಲವನ್ನು ಪೂರ್ತಿ ಸುತ್ತುತ್ತಾನೆ. ಅವನ ಹಿಂದೆ ಇನ್ನೊಬ್ಬ ತಂಬಿಗೆಯಿಂದ ನೀರು ಚಿಮುಕಿಸುತ್ತ, ಆ ಕೂಗಿಗೆ ಮರುಕೂಗು ಕೊಡುತ್ತ ಹೋಗುತ್ತಾನೆ. ಹಿಂದಿನವನು ಮಗ ಇರಬಹುದು, ತಮ್ಮ ಇರಬಹುದು, ಆಳೂ ಇರಬಹುದು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಸಾವಕಾರರು ಎಲ್ಲರ ಎದುರಿಗೆ, "ಏ ದರ್ಜಿ, ತಂಬಿಗಿ ಹಿಡಿ, ನನ್ನ ಹಿಂದ ಬಾ" ಅಂದರು. ಅಪ್ಪ ಹಿಡಿದ. ಅರ್ಧ ಹೊಲ ಸುತ್ತುವ ತನಕ ಅವನು ಮರುಕೂಗು ಹಾಕಲಿಲ್ಲ. ಸಾವಕಾರರು ತಿರುಗಿ, "ಯಾಕ, ಬಾಯಿ ಮನ್ಯಾಗ ಬಿಟ್ಟು ಬಂದಿಯೇನು?" ಅಂದರು. ಮಂದಿ ನಕ್ಕರು. ಆಮೇಲೆ ಅಪ್ಪ ಕೂಗಿದ. ಈ ಮಾತುಗಳನ್ನು ನಾನೇ ಕೇಳಿದೆನೋ, ಅವ್ವ ಯಾವಾಗಲೋ ಸಿಟ್ಟಿನಲ್ಲಿ ಹೇಳಿದ್ದನ್ನು ಕೇಳಿದ್ದೆನೋ, ಖಾತ್ರಿ ಇಲ್ಲ. ಅಪ್ಪನ ಕೂಗು ಮಾತ್ರ ಖಾತ್ರಿ. ಅದು ಅವನ ದನಿಯೇ ಅಲ್ಲ ಅನ್ನಿಸಿತ್ತು.

ಮರುವರ್ಷ ಹಬ್ಬ ಎಂಟು ದಿನ ಇದೆ ಅನ್ನುವಾಗ ಅಪ್ಪ ಹೇಳಿದ: "ಈ ಸಲ ಯಾರ ಹೊಲಾನೂ ಬ್ಯಾಡ. ಯಾರ್ದೂ ಅಲ್ಲದ ಜಾಗಾಕ್ಕ ಹೋಗೋಣು."

"ಅಂಥಾ ಜಾಗಾ ಎಲ್ಲಿ ಅದರಿ?" ಅಂದಳು ಅವ್ವ.

ಅದು ಇತ್ತು. ಅಂಗಿ ಹೊಲಿಸಲು ಬಂದ ಯಾರೋ ಹೇಳಿದ್ದರಂತೆ. ಬಸವಕಲ್ಯಾಣದ ಆಚೆ ಒಂದು ಸಣ್ಣ ಡ್ಯಾಮು, ಅದರ ಹಿನ್ನೀರಿನ ನಡುವೆ ಒಂದು ಗಡ್ಡೆ, ಗಡ್ಡೆಯ ಮೇಲೆ ಎರಡು ಬೇವಿನ ಗಿಡ. ದೋಣಿಯವನು ಒಬ್ಬ ಇದ್ದಾನೆ, ಕರೆದುಕೊಂಡು ಹೋಗುತ್ತಾನೆ. "ಸುತ್ತ ನೀರು, ನಡುವ ನಾವು. ಟೂರ್ ಮಾಡಿದಂಗ ಆಗ್ತದ," ಅಂದ ಅಪ್ಪ. ಅವನ ಬಾಯಲ್ಲಿ ಟೂರ್ ಅನ್ನುವ ಮಾತು ನಾನು ಅದೇ ಮೊದಲು ಕೇಳಿದ್ದು.

"ಹಬ್ಬದ ದಿನ ಟೂರ್ ಏನ ನಿಮ್ದು?" ಅನ್ನುತ್ತಲೇ ಅವ್ವ ಸಜ್ಜೆ ಬೀಸಲು ಕೂತಳು.

ಈಗ ನನ್ನ ಮಾತು. ಐದನೇ ಕ್ಲಾಸಿನ ಮಾಸ್ತರು ಅದೇ ವಾರ ದ್ವೀಪದ ಪಾಠ ಮಾಡಿದ್ದರು. ಸುತ್ತಲೂ ನೀರಿದ್ದರೆ ದ್ವೀಪ, ಮೂರು ಕಡೆ ನೀರಿದ್ದು ಒಂದು ಕಡೆ ನೆಲವಿದ್ದರೆ ಪರ್ಯಾಯ ದ್ವೀಪ. ನಾನು ಎದ್ದು ನಿಂತು, "ಸರ್, ನಾವು ಅಮಾಸಿಗೆ ದ್ವೀಪಕ್ಕ ಹೋಗಾಕತ್ತೀವ್ರಿ" ಅಂದೆ. ಕ್ಲಾಸು ನಕ್ಕಿತು. ಮಾಸ್ತರು ನಗಲಿಲ್ಲ. "ಅದು ದ್ವೀಪ ಅಂತ ನಿನಗ ಹ್ಯಾಂಗ ಗೊತ್ತು? ಪೂರಾ ಸುತ್ತ ತಿರುಗಿ ನೋಡು. ನಾಲ್ಕೂ ಕಡಿ ನೀರದ ಅಂತ ಕಣ್ಣಾರೆ ನೋಡಿ ಬಂದು ಹೇಳು. ಆಮ್ಯಾಲ ದ್ವೀಪ ಅನ್ನು," ಅಂದರು.

ಅಷ್ಟೇ. ನನಗೆ ಬೇಕಾಗಿದ್ದದ್ದು ಅಷ್ಟೇ. ಹೋಗಬೇಕು, ಒಂದು ಸುತ್ತು ಸುತ್ತಬೇಕು, ಬಂದು ಹೇಳಬೇಕು. ಬಾಲ್ಯದ ಆಸೆಗಳು ದೊಡ್ಡವು ಅನ್ನುತ್ತಾರೆ. ನನ್ನದು ಅರ್ಧ ತಾಸಿನ ಕೆಲಸವಾಗಿತ್ತು.

ಬಸ್ಸಿನಲ್ಲಿ ನಾನು, ಅಪ್ಪ, ಅವ್ವ, ನನಗಿಂತ ಎರಡು ವರ್ಷ ಸಣ್ಣವನಾದ ತಮ್ಮ ಸಂಗು. ಅವ್ವನ ತೊಡೆಯ ಮೇಲೆ ಬುಟ್ಟಿ, ಬುಟ್ಟಿಗೆ ಬಿಳಿ ಬಟ್ಟೆ, ಬಟ್ಟೆಯೊಳಗಿನಿಂದ ಹುಣಸೆ ಹಾಕಿದ ಬಜ್ಜಿಯ ವಾಸನೆ ಮತ್ತು ಎಳ್ಳು ಹಚ್ಚಿದ ರೊಟ್ಟಿಯ ಸುಟ್ಟ ವಾಸನೆ. ರಾಜೇಶ್ವರ ಬಂದಾಗ ಅಪ್ಪ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದ. ಸಾವಕಾರರ ಹೊಲ ದಾಟಿ ಹೋಗುವ ತನಕ ಆ ಪಟ್ಟಿ ಸರಿಯಾಗಲಿಲ್ಲ. ಕಿಟಕಿಯಲ್ಲಿ ನನಗೆ ಅವರ ಟ್ರ್ಯಾಕ್ಟರು, ಜೋಳದ ನಡುವೆ ಬಣ್ಣಬಣ್ಣದ ಸೀರೆಗಳು ಕಂಡವು. ಕಲ್ಯಾಣದಲ್ಲಿ ಇಳಿದು ಟಂಟಂ ಆಟೊ ಹಿಡಿದೆವು. ಟಂಟಂನವನು ನಮ್ಮನ್ನು ಡ್ಯಾಮಿನ ದಂಡೆಯಲ್ಲಿ ಎಸೆದ ಹಾಗೆ ಇಳಿಸಿ, ಸಂಜೆಗೆ ಬರುತ್ತೇನೆ ಎಂದು ಹೋದ. ಅವನಿಗೂ ಹೊಲಕ್ಕೆ ಹೋಗುವುದಿತ್ತು.

ಎಲ್ಲರಿಗೂ ಇತ್ತು. ಅಪ್ಪ ಲೆಕ್ಕಕ್ಕೆ ಹಿಡಿಯದಿದ್ದದ್ದು ಅದನ್ನೇ. ದೋಣಿಯ ಲಕ್ಷ್ಮಣ ತೊಳೆದ ಧೋತರ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು, ಹೊರಟು ನಿಂತಿದ್ದ.

"ಇವತ್ತ ಯಾರರೆ ಡ್ಯಾಮಿಗಿ ಬರ್ತಾರೇನ್ರಿ? ನಿಮಗ ಹೊಲಾ ಇಲ್ಲೇನ್ರಿ?" ಅಂದ.

ಅಪ್ಪ ಹೋಗಿ ದೋಣಿಯಲ್ಲಿ ಕೂತ. ಲಕ್ಷ್ಮಣನಿಗೆ ಏನನ್ನಿಸಿತೋ, "ನಡೀರಿ, ಜಲ್ದಿ ಬಿಟ್ಟು ಬರ್ತೀನಿ" ಅಂದ. ದೋಣಿಯ ತಳದಲ್ಲಿ ಮೀನಿನ ವಾಸನೆ, ಒಂದು ಗೇಣು ನೀರು. ಸಂಗು ದಾರಿಯುದ್ದಕ್ಕೂ ತನ್ನ ಹೊಸ ಚಡ್ಡಿ ಒದ್ದೆಯಾಯಿತೆಂದು ಅತ್ತ. ನಾನು ಗಡ್ಡೆಯನ್ನು ನೋಡುತ್ತಿದ್ದೆ. ಬೋರಲು ಹಾಕಿದ ಬುಟ್ಟಿಯ ಹಾಗೆ ಇತ್ತು. ಮುಂದೆ ಎರಡು ಬೇವು, ಸ್ವಲ್ಪ ಬಯಲು. ಅದರ ಹಿಂದೆ ನಡು ಗಡ್ಡೆಯ ಉದ್ದಕ್ಕೂ ಜಾಲಿ ಮುಳ್ಳಿನ ಕಂಟಿ, ಗೋಡೆ ಕಟ್ಟಿದ ಹಾಗೆ. ಹಿಂದಿನ ದಂಡೆ ಕಾಣುತ್ತಿರಲಿಲ್ಲ.

"ಚರಗಾ ಚೆಲ್ಲಿ ಬಂದ ಬಿಡ್ತೀನ್ರಿ. ಒಂದ್ ತಾಸು," ಎಂದು ಲಕ್ಷ್ಮಣ ಹುಟ್ಟು ಹಾಕುತ್ತ ಹೋದ.

ಅಪ್ಪ ಎರಡೂ ಕೈ ಸೊಂಟದ ಮೇಲಿಟ್ಟು ನಿಂತು ನಮಗೆ ತೋರಿಸತೊಡಗಿದ. "ನೋಡ್ರಿ, ಅದು ಡ್ಯಾಮಿನ ಗೋಡಿ. ಅದು ಗೇಟ್. ಅವು ನೀರಕೋಳಿ. ಇದು ಬೇವಿನ ಗಿಡ." ಬೇವಿನ ಗಿಡಕ್ಕೆ ಬರುವಷ್ಟರಲ್ಲಿ ಟೂರ್ ಮುಗಿದಿತ್ತು.

"ಅಪ್ಪಾ, ಸುತ್ತ ತಿರುಗಿ ಬರ್ಲಾ?" ಅಂದೆ.

"ಉಂಡ ಮ್ಯಾಲ."

ಉಂಡೆವು. ಯಾರಿಗೂ ಮೊದಲು ಬಡಿಸದೆ, ಯಾರ ಸರತಿಗೂ ಕಾಯದೆ ಉಂಡ ಮೊದಲ ಎಳ್ಳಮಾವಾಸ್ಯೆ ಅದು. ಅಪ್ಪ ಮೂರು ಸಲ ಬಜ್ಜಿ ಹಾಕಿಸಿಕೊಂಡ. "ಹ್ಯಾಂಗ ಅದ? ಯಾರರೆ ಕೇಳೋರ್ ಅದಾರೇನು?" ಎಂದು ಗಾಳಿಗೆ ಕೇಳಿದ. ಚರಗ ಚೆಲ್ಲಲಿಲ್ಲ. ನಮ್ಮ ಹೊಲ ಅಲ್ಲವಲ್ಲ. ಅವ್ವ ಒಂದು ತುತ್ತು ತೆಗೆದು ಬೇವಿನ ಬುಡಕ್ಕೆ ಇಟ್ಟಳು, ಅಪ್ಪ ನೋಡದ ಹಾಗೆ.

ಉಂಡ ಮೇಲೆ ಕೇಳಿದೆ. ಅವ್ವ ಪಾತ್ರೆಗಳನ್ನು ನನ್ನ ಮುಂದೆ ತಳ್ಳಿದಳು. ದಂಡೆಯ ಉಸುಕು ಹಾಕಿ ತಿಕ್ಕಿದೆ. ತಿಕ್ಕುವಾಗ ಕಂಡದ್ದು ಮುಂದಿನ ನೀರು, ಬರುವಾಗ ನೋಡಿದ್ದೇ. ತಿಕ್ಕಿ ಬಂದು ಮತ್ತೆ ಕೇಳಿದೆ.

"ಈಗ ಲಕ್ಷ್ಮಣ ಬರೋ ಟೈಮ್ ಆಯ್ತು. ನೀ ಹಿಂದ ಹೋಗಿ ಕುಂತಿ ಅಂದ್ರ ನಿನ್ನ ಹುಡಕ್ಕೋತ ಯಾರ್ ಬರ್ತಾರ?" ಅಂದ ಅಪ್ಪ.

"ಅರ್ಧಾ ತಾಸಿನ್ಯಾಗ ಬರ್ತೀನಿ."

"ಹಾವ್ ಅದಾವ," ಅಂದಳು ಅವ್ವ.

"ಹಾವ್ ಇಲ್ಲಿ ಇಲ್ಲೇನು?"

"ಒಬ್ಬಾಕೀನ ಕಳಸಂಗಿಲ್ಲ. ಸಂಗುನ ಕರಕೊಂಡ ಹೋಗು."

ಸಂಗು ಚಾದರದ ಮೇಲೆ ಹೊಟ್ಟೆ ಮೇಲಾಗಿ ಬಿದ್ದಿದ್ದ. ನನ್ನ ಪಾಲಿನ ಸಜ್ಜೆ ಕಡುಬು ಕೊಡುತ್ತೇನೆ ಅಂದೆ. ತಿಂದ. ತಿಂದು, "ನಾ ಒಲ್ಲೆ. ಕಾಲ್ ನೋಯಾಕತ್ತಾವ" ಅಂದ. ಅವನಿಗೆ ನಾನು ಹೊಡೆದೆ. ನನಗೆ ಅವ್ವ ಹೊಡೆದಳು.

ಒಂದು ತಾಸು ಎರಡಾಯಿತು, ಮೂರಾಯಿತು. ಆಚೆ ದಂಡೆಯಲ್ಲಿ ದೋಣಿ ಕಾಣುತ್ತಿತ್ತು, ಮನುಷ್ಯರು ಕಾಣುತ್ತಿರಲಿಲ್ಲ. ಅಪ್ಪ ಕೈ ಬಾಯಿಗೆ ಹಿಡಿದು ಲಕ್ಷ್ಮಣನನ್ನು ಕೂಗಿದ. ನೀರು ಅವನ ಕೂಗನ್ನು ಅವನಿಗೇ ವಾಪಸು ಕೊಟ್ಟಿತು. ಇಡೀ ತಾಲೂಕು ಹೊಲಗಳಲ್ಲಿ ಉಂಡು ಗಿಡದ ಕೆಳಗೆ ಮಲಗಿದ್ದ ಹೊತ್ತು ಅದು. ಬಿಸಿಲು ಇಳಿದು ಚಳಿ ಏಳತೊಡಗಿತು. "ಮಾಡ್ರಿ ಟೂರು," ಅಂದಳು ಅವ್ವ, ಸಂಗುನ ಕಿವಿಗೆ ಸೆರಗು ಸುತ್ತುತ್ತ. ಅಪ್ಪ ನೀರಿನ ಅಂಚಿನಲ್ಲಿ ನಿಂತಿದ್ದ. ಅವನ ಬೆನ್ನಿನ ಮೇಲೆ, ಅವನೇ ಹೊಲಿದ ಅಂಗಿಯ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಇಡೀ ಊರಿಗೆ ಹೊಲಿಯುವವನು.

ಆಗ ಮುಳ್ಳಿನ ಆಚೆಯಿಂದ ಯಾರೋ ಕೆಮ್ಮಿದರು.

ಕಂಟಿಯ ಸಂದಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಅವ್ವನಿಗಿಂತ ದೊಡ್ಡವಳು. ಹಸಿರು ಇಲಕಲ್ ಸೀರೆ, ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ತಂಬಿಗೆ. ಕಾಲು ಹಿಮ್ಮಡಿಯವರೆಗೆ ಮಾತ್ರ ಕೆಸರು.

"ಅಯ್ಯ, ಮಂದಿ ಅದಾರಲ್ಲ!" ಅಂದಳು. "ಯಾವೂರ್ರಿ? ಇಲ್ಲಿ ಹ್ಯಾಂಗ ಬಂದೀರಿ?"

"ಹುಮನಾಬಾದ್ರಿ. ದೋಣ್ಯಾಗ ಬಂದೀವ್ರಿ," ಅಂದ ಅಪ್ಪ.

"ದೋಣ್ಯಾಗ?" ಆಕೆ ಬುಟ್ಟಿ ಇಳಿಸಿ ನಕ್ಕಳು. "ದೋಣಿ ಯಾಕ್ರಿ? ಹಿಂದ ದಾರಿ ಅದ. ಈ ವರ್ಷ ಮಳಿ ಕಡಿಮಿ, ನೀರು ಸರದದ. ಮೊಣಕಾಲ ಸೈತ ತೋಯಂಗಿಲ್ಲ."

ನಾನು ಅಪ್ಪನನ್ನು ನೋಡಿದೆ. ಅವನು ನನ್ನನ್ನು ನೋಡಲಿಲ್ಲ. ಎಷ್ಟು ಸಲ ಕೇಳಿದ್ದೆ? ಮೂರು ಸಲ ಅಂತ ಈಗ ಬರೆಯಲು ಕೈ ಬರುತ್ತದೆ, ಮೂರು ಅನ್ನುವುದು ಕತೆಗೆ ಒಪ್ಪುವ ಸಂಖ್ಯೆ. ನಾಲ್ಕೋ ಐದೋ ಇರಬೇಕು. ಒಂದು ಸಲ ಹೋಗಲು ಬಿಟ್ಟಿದ್ದರೆ ಸಾಕಾಗಿತ್ತು.

ಆಕೆಯ ಹೆಸರು ಶಾಂತಾಬಾಯಿ. ತಾನು ಕೂಲಿಗೆ ಹೋಗುವ ಒಡೆಯರ ಹೊಲದಲ್ಲಿ ಹಬ್ಬದ ಕೆಲಸ ಮುಗಿಸಿ, ಈಗ ಹೊತ್ತು ಮುಳುಗುವುದರೊಳಗೆ ತಮ್ಮ ಹೊಲಕ್ಕೆ ಚರಗ ಚೆಲ್ಲಲು ಬಂದಿದ್ದಳು.

"ನಿಮ್ಮ ಹೊಲ ಎಲ್ಲಿ ಬರ್ತದ್ರಿ?" ಅಂದಳು ಅವ್ವ.

"ಇದೇ ಅಲ್ಲಕ್ಕಾ. ನೀವು ಕುಂತೀರಲ್ಲ, ಇದೇ." ಆಕೆ ಕೈ ಬೀಸಿ ನೀರು ತೋರಿಸಿದಳು. "ಅಲ್ಲಿ ತನಕ ಇತ್ತು. ಡ್ಯಾಮ್ ಬಂತು, ಎಲ್ಲಾ ನೀರಾಗ ಹೋಯ್ತು. ಈ ತಲಿ ಒಂದು ಉಳದದ. ಕಾಗದದಾಗ ಇದೂ ಸರಕಾರದ್ದೇ. ಆದ್ರ ವರ್ಷಕ್ಕೊಂದ್ ಸಲ ಉಣಸಬೇಕಲ್ಲ? ಬೆಳಿ ಇಲ್ಲ, ಏನಿಲ್ಲ. ಮುಳ್ಳಿಗೇ ಉಣಸಿ ಹೋಗ್ತೀನಿ."

ಅಪ್ಪ ಆಗ ಬಯಲನ್ನು ಹೊಸದಾಗಿ ನೋಡಿದ. ಯಾರದೂ ಅಲ್ಲದ ಜಾಗ ಎಂದು ಹುಡುಕಿ, ಬಸ್ಸು, ಟಂಟಂ, ದೋಣಿ ಎಲ್ಲ ಹತ್ತಿ ಬಂದು ಅವನು ಇನ್ನೊಬ್ಬರ ಹೊಲದಲ್ಲೇ ಕೂತು ಉಂಡಿದ್ದ.

"ಉಣ್ರಿ ಅಣ್ಣಾ. ನಮ್ಮ ಹೊಲಕ್ಕ ಬಂದು ಹಂಗ ಹೋಗಬ್ಯಾಡ್ರಿ," ಎಂದು ಆಕೆ ಬುಟ್ಟಿ ಬಿಚ್ಚಿದಳು. ಆ ದಿನ ಹೊಲದ ಒಡತಿ ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ. ಅಪ್ಪ ಅಂಗೈ ಚಾಚಿ ಒಂದು ತುತ್ತು ಇಸಿದುಕೊಂಡ. ಆಕೆಯ ಬಜ್ಜಿಗೆ ಅವ್ವನ ಬಜ್ಜಿಗಿಂತ ಖಾರ ಜಾಸ್ತಿ ಇತ್ತು. ಅಪ್ಪನ ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೇ ಇರಬೇಕು.

ಆಮೇಲೆ ಆಕೆ ಎದ್ದು ಬುಟ್ಟಿ ಎತ್ತಿಕೊಂಡು, ತಂಬಿಗೆಯನ್ನು ಅಪ್ಪನ ಕಡೆ ಚಾಚಿದಳು. ಪಾಪ, ಆಕೆಗೇನು ಗೊತ್ತು? "ಅಣ್ಣಾ, ಜರಾ ಇದನ್ನ ಹಿಡಕೊಂಡ ನನ್ನ ಹಿಂದ ಬರ್ತೀರೇನ್ರಿ? ನಮ್ಮನಿಯವ್ರು ಕಾಲ್ ಮುರಕೊಂಡ ಮಲಗ್ಯಾರ. ಒಬ್ಬಾಕಿಗಿ ಹ್ಯಾಂಗ ಆಗ್ತದ?"

ಅಪ್ಪನ ಕೈ ಏಳಲಿಲ್ಲ.

ನಾನು ಓಡಿ ಹೋಗಿ ತಂಬಿಗೆ ಹಿಡಿದೆ. ಚರಗ ಎಂದರೆ ಪೂರ್ತಿ ಒಂದು ಸುತ್ತು! ಗಡ್ಡೆಯ ಸುತ್ತ ಒಂದು ಸುತ್ತು! "ನಾ ಬರ್ತೀನಿ! ನಂಗ ಕೂಗಾಕ ಬರ್ತದ!"

"ಏ ಹುಚ್ಚಿ, ಹೆಣ್ಣುಹುಡುಗಿ ಚರಗಾದ ಹಿಂದ ಹೋಗ್ತದೇನು?" ಅಂದಳು ಅವ್ವ.

"ಈ ಅತ್ತಿ ಹೆಣ್ಮಗಳಲ್ಲೇನು?"

ಶಾಂತಾಬಾಯಿ ನಕ್ಕಳು. "ಬರ್ಲಿ ಬಿಡಕ್ಕಾ. ಮುಳ್ಳಿಗಿ ಏನ್ ತಿಳಿತದ, ಹುಡುಗಿ ಯಾರು ಹುಡುಗ ಯಾರು?"

ಆಗ ಅಪ್ಪ ಬಂದ. ನನ್ನ ಕೈಯಿಂದ ತಂಬಿಗೆ ಬಿಡಿಸಿಕೊಂಡ. ಒಂದು ಗಳಿಗೆ ಅದು ಅವನ ಕೈಯಲ್ಲೇ ಇತ್ತು. ತಾನೇ ಹೋಗುತ್ತಾನೇನೋ ಅನ್ನಿಸಿತು. ಹೋಗಿದ್ದರೆ ನಾನು ಅವನ ಬೆನ್ನು ಹತ್ತುತ್ತಿದ್ದೆ. ಅವನು ಅದನ್ನು ಸಂಗುನ ಕೈಗೆ ಕೊಟ್ಟ. "ಏಳು. ಇವ್ರ ಹಿಂದ ಹೋಗು."

"ನಾ ಒಲ್ಲೆ. ನಂಗ ಕಾಲ್—"

"ಏಳಲೇ!"

ಸಂಗು ಅಳುತ್ತ ಹೋದ. ಅಪ್ಪನ ಬದಲಿಗೆ ಹೋಗಲು ಮಗನೇ ಬೇಕಾಗಿತ್ತು, ನಾನು ಸಾಲುತ್ತಿರಲಿಲ್ಲ ಎಂದು ಈಗ ಅರ್ಥ ಮಾಡಿಕೊಳ್ಳುತ್ತೇನೆ. ಅರ್ಥವಾದರೆ ಸಿಟ್ಟು ಇಳಿಯುತ್ತದೆ ಎಂದು ಯಾರು ಹೇಳಿದರೋ. ಇಳಿದಿಲ್ಲ.

ನಾನು ಬೇವಿನ ಬುಡದಲ್ಲಿ ನಿಂತು ಕೇಳಿದೆ. ಎಡಗಡೆಯಿಂದ ಶಾಂತಾಬಾಯಿಯ ಉದ್ದನೆಯ ಕೂಗು, ಅದರ ಬೆನ್ನಿಗೆ ಸಂಗುನ ಅಳುಬುರುಕ ಮರುಕೂಗು. ಕೂಗು ದೂರವಾಯಿತು. ಹಿಂದೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಅವರು ನಿಂತು ಏನನ್ನೋ ನೋಡುತ್ತಿದ್ದಾರೆ ಅನ್ನಿಸಿತು. ಆಮೇಲೆ ಬಲಗಡೆಯಿಂದ ಮತ್ತೆ ಕೂಗು ಬಂತು, ಹತ್ತಿರವಾಯಿತು. ಸಂಗುನ ದನಿಯಲ್ಲಿ ಈಗ ಅಳು ಇರಲಿಲ್ಲ. ಅವನು ಜೋರಾಗಿ, ಕುಣಿಯುತ್ತ ಕೂಗುತ್ತಿದ್ದ.

"ಹಿಂದ ಏನಿತ್ತೋ?" ಅವನ ಎರಡೂ ಹೆಗಲು ಹಿಡಿದು ಕೇಳಿದೆ.

"ಏನಿಲ್ಲ. ಬರೇ ಮುಳ್ಳು. ಅವ್ವಾ, ಕಡುಬು ಉಳದಾವೇನು?"

ಇನ್ನೂ ಒಂದು ದಾರಿ ಇತ್ತು. ಶಾಂತಾಬಾಯಿ, "ನಡೀರಿ, ನನ್ನ ಸಂಗಟ ಹಿಂದಿನ ದಾರಿಲೆ ಹೋಗೋಣು" ಅಂದಳು. ನಾನು ಬುಟ್ಟಿ ಎತ್ತಿಕೊಂಡೇ ಬಿಟ್ಟಿದ್ದೆ. ಅಷ್ಟರಲ್ಲಿ ನೀರಿನಲ್ಲಿ ಹುಟ್ಟಿನ ಸದ್ದು. ಲಕ್ಷ್ಮಣ ಬರುತ್ತಿದ್ದ, ಕಿವಿಯ ಮೇಲೆ ಚೆಂಡು ಹೂವು ಸಿಗಿಸಿಕೊಂಡು, ನಿದ್ದೆಯ ಕಣ್ಣಿನಲ್ಲಿ. "ಬೀಗರು ಬಿಡಲಿಲ್ರಿ. ಹಾಕಿದ ಮ್ಯಾಲ ಹಾಕಿದ್ರು" ಅಂದ.

"ಅಪ್ಪಾ, ನಡಕೋತ ಹೋಗೋಣು," ಅಂದೆ.

"ದೋಣಿ ಬಂತಲ್ಲ," ಅಂದ ಅಪ್ಪ.

"ಅಪ್ಪಾ."

"ದೋಣ್ಯಾಗ ಬಂದೀವಿ. ದೋಣ್ಯಾಗೇ ಹೋಗೋದು."

ನಾನು ದೋಣಿಯಲ್ಲಿ ಹಿಮ್ಮುಖವಾಗಿ ಕೂತೆ. ಶಾಂತಾಬಾಯಿ ಕೈ ಬೀಸಿ ಮುಳ್ಳಿನೊಳಗೆ ಹೋದಳು. ಮರುವರ್ಷ ನಾವು ಮತ್ತೆ ರಾಜೇಶ್ವರಕ್ಕೆ ಹೋದೆವು. ಸಾವಕಾರರು ಕರೆಯುವ ಮೊದಲೇ ಅಪ್ಪ ತಂಬಿಗೆ ತುಂಬಿಕೊಂಡು ನಿಂತಿದ್ದ.

ಮಾಸ್ತರು ಮಾತು ಮರೆತಿರಲಿಲ್ಲ. "ಏನವ್ವಾ, ಸುತ್ತ ತಿರುಗಿ ನೋಡಿದಿಯೇನು?" ಇಡೀ ಕ್ಲಾಸು ನನ್ನ ಕಡೆ ತಿರುಗಿತು.

"ನೋಡಿದೆನ್ರಿ. ಒಂದ್ ಕಡಿ ನೆಲ ಅದ. ಅದು ಪರ್ಯಾಯ ದ್ವೀಪ ರೀ ಸರ್."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅಲ್ಲಿ ಏನೇನಿತ್ತು ಹೇಳು ಅಂದರು. ಹೇಳಿದೆ. ಬೆಳ್ಳಕ್ಕಿಗಳು ಇದ್ದವು. ನೀರಿನ ಅಂಚಿನಲ್ಲಿ ಅರ್ಧ ಮುಳುಗಿದ ಬಾವಿಯ ಕಟ್ಟೆ ಇತ್ತು. ಅದರ ಕಲ್ಲಿನ ಮೇಲೆ ಹಗ್ಗ ಜಗ್ಗಿ ಜಗ್ಗಿ ಬಿದ್ದ ಗೀರು ಇದ್ದವು. ನಾನು ಕೂತು ಬೆರಳಿಟ್ಟು ನೋಡಿದೆ. ಮಾಸ್ತರು "ಶಾಬಾಶ್" ಅಂದರು. ಆ ವಾರವೆಲ್ಲ ಅದನ್ನು ಗೆಳತಿಯರಿಗೆ, ಓಣಿಯವರಿಗೆ, ಮನೆಯಲ್ಲಿ ಸಂಗುನಿಗೂ ಹೇಳಿದೆ. ಹೇಳುತ್ತ ಹೇಳುತ್ತ ಬಾವಿಗೆ ಮೆಟ್ಟಿಲು ಬಂದವು.

ಈಗ ಎಳ್ಳಮಾವಾಸ್ಯೆಯ ಬಜ್ಜಿ ನಮ್ಮ ಮನೆಗೆ ಪಕ್ಕದವರ ಸ್ಟೀಲ್ ಡಬ್ಬಿಯಲ್ಲಿ ಬರುತ್ತದೆ. ಅಪ್ಪನಿಗೆ ಆ ದಿನದ ಸುದ್ದಿ ತೆಗೆದರೆ, "ಚಲೋ ಟೂರ್ ಆಗಿತ್ತು" ಅಂದು ಮಾತು ಮುಗಿಸುತ್ತಾನೆ. ಒಮ್ಮೆ ನಾನೇ ಆ ಡ್ಯಾಮಿಗೆ ಹೋಗಿದ್ದೆ. ಒಳ್ಳೆಯ ಮಳೆಯಾದ ವರ್ಷ. ಹಿನ್ನೀರಿನಲ್ಲಿ ಮೂರು ಕಡೆ ಗಿಡದ ತಲೆಗಳು ಕಂಡವು, ಯಾವುದು ನಮ್ಮದು ಎಂದು ತಿಳಿಯಲಿಲ್ಲ. ದಂಡೆಯ ಚಹಾದಂಗಡಿಯ ಹುಡುಗಿಗೆ ಶಾಂತಾಬಾಯಿ ಅನ್ನುವವರು ಗೊತ್ತೇ ಅಂದೆ. "ಯಾವ ಶಾಂತಾಬಾಯಿ?" ಅಂದಳು. ಅವಳಿಗೆ ನಾಲ್ವರು ಗೊತ್ತಿದ್ದರು.

ಹಿಂದಿನ ದಂಡೆಯನ್ನು ನಿಜವಾಗಿ ನೋಡಿದವನು ನಮ್ಮಲ್ಲಿ ಒಬ್ಬನೇ. ಸಂಗು ಈಗ ಬಸವಕಲ್ಯಾಣದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಈ ಸಲ ಅಮಾವಾಸ್ಯೆಗೆ ಫೋನ್ ಮಾಡಿ ಕೇಳಿದೆ.

"ಸಂಗೂ, ಅವತ್ತ ನೀ ಚರಗಾದ ಹಿಂದ ಹೋದಿ ನೋಡು, ಹಿಂದ ಖರೇನ ಏನಿತ್ತೋ?"

"ನಾ ಎಲ್ಲಿ ಹೋಗಿದ್ದೆ ಅಕ್ಕಾ?" ಅಂದ. ಹಿಂದೆ ಯಾವುದೋ ಮೋಟಾರು ಗುಂಯ್‌ಗುಡುತ್ತಿತ್ತು. "ನಾ ಅವ್ವನ ಬಾಜು ಕಡುಬು ತಿನ್ಕೋತ ಕುಂತಿದ್ದೆ. ಹೋದಾಕಿ ನೀನೇ ಅಲ್ಲ?"

"ನಾನಲ್ಲೋ. ನೀನು. ತಂಬಿಗಿ ಅಪ್ಪ ನಿನ್ನ ಕೈಯಾಗ ಕೊಟ್ಟಿದ್ದ."

"ಏ, ಹೋಗ. ನೀನೇ ಬಂದು ಹೇಳಿದಿ, ನಂಗ ಪಕ್ಕಾ ನೆನಪದ. ಬೆಳ್ಳಕ್ಕಿ ಇದ್ದವು. ಒಂದ್ ಬಾವಿ ಇತ್ತು. ಕಲ್ಲಿನ ಮ್ಯಾಲ ಹಗ್ಗದ ಗೀರ್ ಇದ್ದವು. ನೀ ಬೆರಳ ಇಟ್ಟು ನೋಡಿದಿ."

ಗಿರಾಕಿ ಬಂದರು ಎಂದು ಅವನು ಫೋನ್ ಇಟ್ಟ. ಡಬ್ಬಿಯ ಬಜ್ಜಿ ತಣ್ಣಗಾಗಿತ್ತು.